ಲಿಫ್ಟಿನ ಚಾವಣಿಯ ಕಿಂಡಿ

೧೪ ಮಾರ್ಚ್, ಶುಕ್ರವಾರ

ಅಕ್ಕನ ಮಾತು ಇನ್ನೂ ಚುಚ್ಚುತ್ತದೆ: "ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸ್ಕೊಳ್ತೀಯೇನೋ?"

ಹೋದ ವರ್ಷ ಲಿಫ್ಟ್ ರಿಪೇರಿಗೆ ಹೋಗಿ, ಅದರ ಚಾವಣಿಯ ಕಿಂಡಿಯಲ್ಲಿ ಸಿಕ್ಕಿಕೊಂಡು ಕಾಲು ನೇತಾಡಿಸುತ್ತಿದ್ದೆ. ಜೊತೆಯ ಮೆಕ್ಯಾನಿಕ್ ಎಳೆದು ಇಳಿಸಿದ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಲೇಬೇಕೆಂದು ನಿರ್ಧರಿಸಿದ್ದು ಅವತ್ತೇ.

ಆಪರೇಷನ್ ಆಗಿ ಎಂಟು ತಿಂಗಳು. ಮೊದಲ ವಾರಗಳಲ್ಲಿ ನಾಲ್ಕು ಚಮಚ ಸೂಪಿಗೇ ಬೆವರುತ್ತಿದ್ದೆ. ಈಗಲೂ ನನ್ನ ಊಟ ಮಗಳ ಪುಟ್ಟ ಬಟ್ಟಲಿನಷ್ಟೇ. ಬಾಯಿ ಕಟ್ಟುವುದೆಂದರೇನು ಎಂದು ಅಕ್ಕ ನನ್ನನ್ನು ಕೇಳಲಿ!

ಇವತ್ತು ಅದೇ ಲಿಫ್ಟು, ಅದೇ ಕಿಂಡಿ. ಸಲೀಸಾಗಿ ತೂರಿಕೊಂಡು ಮೇಲೆ ಹೋದೆ. ಕೆಲಸ ಮುಗಿಸಿ ಇಳಿದವನು ಮತ್ತೆ ಹತ್ತಿದೆ.

"ಏನಾದ್ರೂ ಮರೆತ್ಯಾ?" ಎಂದ ಅದೇ ಮೆಕ್ಯಾನಿಕ್.

"ಹೂಂ, ಸ್ಪ್ಯಾನರ್" ಎಂದೆ.

ಸ್ಪ್ಯಾನರ್ ಕೈಯಲ್ಲೇ ಇತ್ತು.