ನೀಲಿ ಕೋಟಿನ ಒಳಜೇಬು

ಬಟ್ಟೆ ಒಗೆಯುವ ಅಂಗಡಿ,
ತಿಂಗಳ ಎರಡನೆಯ ಸೋಮವಾರ

ಕಾಗದ ಬರೆಯದ ನನ್ನ ಮುದ್ದು ಕಳ್ಳೀ,

ನೀನು ಬಂದುಹೋಗಿ ಎರಡು ತಿಂಗಳಾಯಿತು. ಒಂದು ಸಾಲು ಗೀಚಿದರೆ ಬೆರಳು ಸವೆದುಹೋಗುತ್ತದೆಯೇ? ಆರೋಗ್ಯ ಇಲಾಖೆಯ ಕೆಲಸವೆಂದು ಊರೂರು ಸುತ್ತಿ, ಯಾವ ಬೀದಿಗೆ ಯಾವ ನಶೆ ಹೊಸದಾಗಿ ಬಂತು ಎಂದು ಕಂಡವರನ್ನೆಲ್ಲ ಕೇಳಿ ಬರೆದುಕೊಳ್ಳುತ್ತೀಯ. ಅಜ್ಜಿ ಇದ್ದಾಳೋ ಹೋದಳೋ ಎಂದು ಕೇಳಲು ಮಾತ್ರ ಪುರುಸೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿದ್ದೆ ಬರುತ್ತದೆಯಾ? ಎರಡನೆಯದಕ್ಕೆ ಸುಳ್ಳು ಹೇಳಬೇಡ. ನನ್ನ ಮಂಡಿ ನಿನ್ನ ಹಾಗೆಯೇ, ಹೇಳಿದ ಮಾತು ಕೇಳುವುದಿಲ್ಲ.

ಒಗೆಯಲು ಬಂದ ಬಟ್ಟೆಯ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ನೀನು ಕೊಟ್ಟ ಗಾಜಿನ ಡಬ್ಬಿಗೆ ಹಾಕುತ್ತಿದ್ದೇನೆ. ಯಾರದೆಂದು ಬರೆಯಬೇಡ, ಬೀದಿ ಮಾತ್ರ ಬರೆ ಎಂದು ನೀನೇ ಹೇಳಿದ್ದೆ. ಹಾಗೇ ಮಾಡಿದ್ದೇನೆ. ಹೋದ ವರ್ಷ ಕಾರ್ಖಾನೆ ಬೀದಿಯಿಂದ ಕೆಮ್ಮಿನ ಔಷಧಿಯ ಮುಚ್ಚಳಗಳು ಬರುತ್ತಿದ್ದವು, ಈಗ ನಿಂತಿವೆ. ಬದಲಿಗೆ ಹಸಿರು ಮಾತ್ರೆಯ ಬೆಳ್ಳಿ ಹಾಳೆ. ಮೊದಲು ಲಾರಿ ಓಡಿಸುವವರ ಅಂಗಿಯಲ್ಲಿತ್ತು, ಆಮೇಲೆ ಕಾಲೇಜು ಬೀದಿಗೆ ಹೋಯಿತು, ಈಗ ದೊಡ್ಡ ಮನೆಗಳ ಕೋಟಿನಲ್ಲೂ ಇದೆ. ನಶೆಯೆಲ್ಲ ಬಡವರ ಬೀದಿಯದೇ ಎನ್ನುವ ನಿಮ್ಮ ಸಾಹೇಬರಿಗೆ ಹೇಳು, ಬಡವರ ಜೇಬು ಹರಿದಿರುತ್ತದೆ, ಅದಕ್ಕೇ ಬೇಗ ಕಾಣುತ್ತದೆ, ಅಷ್ಟೇ.

ಮಧ್ಯಾಹ್ನದ ಬಿಸಿಲು ಆವಿಯೊಳಗೆ ಬಂದು ನಿಂತಾಗ ತೂಗುಹಾಕಿದ ಅಂಗಿಗಳು ಮೆಲ್ಲಗೆ ತೋಳಾಡಿಸುತ್ತವೆ. ಕಣ್ಣು ಮುಚ್ಚಿದರೆ ಡಬ್ಬಿಯ ಬೆಳ್ಳಿ ಹಾಳೆಗಳೆಲ್ಲ ಮೀನಾಗಿ ಈಜುತ್ತವೆ, ಒಂದೊಂದೂ ಒಂದೊಂದು ಜೇಬು ಹುಡುಕಿಕೊಂಡು ಒಳಹೋಗುತ್ತದೆ. ಚಿಕ್ಕವಳಿದ್ದಾಗ ನೀನು ಆ ಅಂಗಿಗಳ ನಡುವೆ ಓಡಾಡುತ್ತ, "ಅಜ್ಜೀ, ಇವರೆಲ್ಲ ಎಲ್ಲಿಗೆ ಹೋದ್ರು?" ಎನ್ನುತ್ತಿದ್ದೆ. "ಸ್ನಾನಕ್ಕೆ ಹೋಗಿದ್ದಾರೆ ಕಣೇ, ಬರ್ತಾರೆ" ಎನ್ನುತ್ತಿದ್ದೆ ನಾನು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಒಂದು ಹಾಳೆಯನ್ನು ಮಾತ್ರ ಡಬ್ಬಿಗೆ ಹಾಕಲಿಲ್ಲ. ಯಾವ ಬೀದಿ ಎಂದು ಬರೆಯಲಿ?

ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ಣು ತುಂಬ ನಿದ್ದೆ ಬರಲಿ.

ನಿನ್ನ ಬಾಯಿಬಡುಕಿ ಅಜ್ಜಿ

ಲಕೋಟೆ ಅಂಟಿಸುವ ಮೊದಲು: ನೀನು ಬಿಟ್ಟುಹೋದ ನೀಲಿ ಕೋಟನ್ನು ಹೋದ ವಾರ ಒಗೆದೆ. ಆ ಹಾಳೆ ಅದರ ಒಳಜೇಬಿನಲ್ಲಿತ್ತು, ಅರ್ಧ ಮಾತ್ರೆಗಳು ಖಾಲಿ. ಪರೀಕ್ಷೆಯ ಮಾದರಿಗೆಂದು ತಂದಿದ್ದೆ ಎಂದು ಕಥೆ ಕಟ್ಟಬೇಡ, ಮಾದರಿಯನ್ನು ಯಾರೂ ಅರ್ಧ ನುಂಗುವುದಿಲ್ಲ. ನಾನು ಯಾರಿಗೂ ಹೇಳಿಲ್ಲ, ನಿನ್ನನ್ನು ಬೈಯುವುದೂ ಇಲ್ಲ. ಕೋಟು ಕಿಟಕಿಯ ಬಳಿ ತೂಗಾಡುತ್ತಿದೆ, ಖಾಲಿ ತೋಳು ಆಡಿಸುತ್ತಿದೆ, ನನಗೆ ನೋಡಲಾಗುವುದಿಲ್ಲ. ಬಂದು ತೊಟ್ಟುಕೋ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಯಾವ ದಿನ ಬರುತ್ತೀಯೆಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.