ಉಳಿದ ಒಂದು ಸೀಟು

ಶಿವಲೀಲಾ,

ಈ ಕಾಗದವನ್ನು ಯಾವ ಅಂಚೆಯವನೂ ನಿನಗೆ ತಲುಪಿಸಲಾರ. ಆದರೂ ನಿನ್ನೆ ಬೆಂಗಳೂರಿನ ಸಿಇಟಿ ಕೌನ್ಸೆಲಿಂಗಿನಲ್ಲಿ ಆದದ್ದನ್ನು ನಿನಗೇ ಹೇಳಬೇಕು.

ಕಂಪ್ಯೂಟರ್ ಸೈನ್ಸಿಗೆ ಹೆಸರಾದ ಕಾಲೇಜುಗಳ ಫೀಸು ನಮಗೆ ಎಟುಕುವಂತಿರಲಿಲ್ಲ. ಎಟುಕುವ ಕಾಲೇಜುಗಳ ಹೆಸರನ್ನು ಕೊಟ್ಟೂರಿನಲ್ಲಿ ಯಾರೂ ಕೇಳಿರಲಿಲ್ಲ. ಹೆಸರೂ ಇದ್ದು ಫೀಸೂ ಕಡಿಮೆ ಇದ್ದದ್ದು ನಾವಿಬ್ಬರೂ ಆಸೆಪಟ್ಟಿದ್ದ ಆ ಸರ್ಕಾರಿ ಕಾಲೇಜು ಮಾತ್ರ. ಪರದೆಯ ಮೇಲೆ ಅಲ್ಲಿ ಒಂದೇ ಸೀಟು ಉಳಿದಿತ್ತು. ನನಗಿಂತ ಒಂದೇ ರ‍್ಯಾಂಕು ಮುಂದಿದ್ದ ನಿನ್ನ ನಂಬರನ್ನು ಮೂರು ಸಲ ಕರೆದರು. ನೀನು ಜ್ವರದಲ್ಲಿ ತೀರಿಕೊಂಡು ಹನ್ನೊಂದು ದಿನವಾಯಿತೆಂದು ಅವರಿಗೇನು ಗೊತ್ತು? ಆಮೇಲೆ ನನ್ನನ್ನು ಕರೆದರು.

"ಯಾರೋ ಒಬ್ರು ಬಂದಿಲ್ಲ. ನಮ್ಮ ಪುಣ್ಯ ನೋಡವ್ವ," ಎಂದ ಅಪ್ಪ. ಯಾರೆಂದು ನಾನು ಹೇಳಲಿಲ್ಲ.

ರಿಸಲ್ಟಿನ ಮರುದಿನ ನಾವಿಬ್ಬರೂ ಊರಮ್ಮನ ಗುಡಿಗೆ ಹೋಗಿದ್ದೆವಲ್ಲ, ಅಂದು ನಾನು ಬೇಡಿದ್ದು ಇಷ್ಟೇ: ನನ್ನ ಮುಂದಿರುವವರಲ್ಲಿ ಒಬ್ಬರು ಬರದಿರಲಿ. ಎಷ್ಟು ಹೊತ್ತು ನಿಂತರೂ ಅಮ್ಮ ಬಲಗಡೆಯ ಹೂ ಬೀಳಿಸಿ ಒಪ್ಪಿಗೆ ಕೊಡಲಿಲ್ಲ.

"ಏನ್ ಬೇಡ್ಕೊಂಡಿ ಲೇ?" ಎಂದೆ ನೀನು. ನಾನು ತಲೆ ತಗ್ಗಿಸಿ ಕುಂಕುಮ ಹಚ್ಚಿಕೊಂಡೆ.

"ಹೋಗ್ಲಿ ಬಿಡು. ನೀ ಬೇಡಿದ್ದು ಆಗ್ಲಿ ಅಂತ ನಾನೂ ಬೇಡ್ಕೊಂತೀನಿ," ಎಂದು ನಕ್ಕು ಕಣ್ಣು ಮುಚ್ಚಿದೆ.

ಹೂ ಬಲಕ್ಕೆ ಬಿದ್ದದ್ದು ಆಗ.