ಲಂಬುವಿನ ಮೊಣಕಾಲು

ಮಾರ್ಚ್ ೧೨, ಗುರುವಾರ

ನನ್ನ ಬಾಯಿಗೆ ಬೀಗ ಹಾಕಬೇಕು.

ಶನಿವಾರ, ಭಾನುವಾರ ಯಾವ ಗಾಲ್ಫ್ ಕೋರ್ಸ್‌ಗಳಲ್ಲಿ ಆಡುವುದು ಎಂದು ಆರಿಸುವ ಕೆಲಸವನ್ನು ಗೆಳೆಯರು ನನಗೆ ಬಿಟ್ಟಿದ್ದರು. ಎಲ್ಲರಿಗೂ ಗುಡ್ಡದ ಕೋರ್ಸಿನ ಆಸೆ. ನಾನು ಕೆರೆಯ ಪಕ್ಕದ ಎರಡು ಸಮತಟ್ಟು ಕೋರ್ಸ್‌ಗಳನ್ನು ಆರಿಸಿದೆ. ಸಂಜೆ ನಾವೆಲ್ಲ ಸೇರುವ ಗ್ಯಾರೇಜ್ ಶೆಡ್ಡಿನಲ್ಲಿ ಹೇಳಿದಾಗ ನಮ್ಮ ಗುಂಪಿನ ಮೆಕ್ಯಾನಿಕ್ ಎಣ್ಣೆಗೈಯಲ್ಲೇ ತಲೆ ಕೆರೆದುಕೊಂಡು, “ಏನೋ ಇದು, ಮುದುಕರ ಪಿಕ್ನಿಕ್ಕಾ?” ಅಂದ.

“ಗುಡ್ಡ ಹತ್ತೋದು ಲಂಬು ಕೈಲಿ ಆಗಲ್ಲ ಕಣೋ. ಹೋದ ಸಲ ಮರದ ಹಿಂದೆ ಕೂತು, ಮೊಣಕಾಲು ಹಿಡ್ಕೊಂಡು ಅಳ್ತಿದ್ದ. ನಾನೇ ನೋಡಿದೀನಿ,” ಅಂದೆ.

ಲಂಬು ಅಲ್ಲೇ ಹಳೇ ಟಯರಿನ ಮೇಲೆ ಕೂತಿದ್ದ. ಮೆಲ್ಲಗೆ ಎದ್ದು, “ಗುಡ್ಡಕ್ಕೇ ಹೋಗ್ರಪ್ಪಾ. ನಂಗೆ ಬೇರೆ ಕೆಲ್ಸ ಇದೆ,” ಎಂದು ಹೊರಟ. ಕುಂಟದೆ ನಡೆಯಲು ಹೆಣಗುತ್ತಿದ್ದ. ನೋಡಲಾಗಲಿಲ್ಲ.

ಕೆರೆಯ ಗಾಳಿ ನನಗಿಷ್ಟ ಅಂದಿದ್ದರೆ ಸಾಕಿತ್ತು. ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ ಎಂದು ಜಂಬ ಬೇರೆ. ನಾನು ಶಾಲೆ ಬಿಟ್ಟಾಗ ಇದೇ ಗುಂಪು, “ಫೇಲಾದ್ಯೇನೋ?” ಎಂದು ಕೆದಕಿತ್ತು. “ಅವನಿಗೆ ಬೋರಾಯ್ತು, ಬಿಟ್ಟ. ಏನೀಗ?” ಎಂದು ಅಡ್ಡ ನಿಂತವನು ಲಂಬು. ನಾನು ಎರಡು ಸಲ ಫೇಲಾಗಿದ್ದು ಅವನೊಬ್ಬನಿಗೇ ಗೊತ್ತಿತ್ತು.

ಈಗ ಲಂಬು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದರೆ ಏನು ಹೇಳಲಿ? ನೀನಿಲ್ಲದೆ ನಾನೂ ಹೋಗುವುದಿಲ್ಲ ಎನ್ನಬೇಕು. ಅದು ನಿಜವೇ. ಆದರೆ ನನ್ನ ಬಾಯಿಂದ ಇನ್ನೊಂದು ನಿಜ ಕೇಳುವಷ್ಟು ತಾಳ್ಮೆ ಅವನಿಗೆ ಉಳಿದಿದೆಯೋ ಇಲ್ಲವೋ.